ನೆಗ್ಗಿಲು ಮುಳ್ಳಿನ ದಾರಿಗೆ ಸುಣ್ಣದ ಗುರುತು

ಕಳೆದ ವಾರ ಮೊಳಕಾಲ್ಮೂರಿನ ಬಸ್ ನಿಲ್ದಾಣದ ಎದುರು, ಓಬಳೇಶನ ಪಂಕ್ಚರ್ ಅಂಗಡಿಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ನಿಂತಿದ್ದೆ. ಓಬಳೇಶ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ತೂತು ಹುಡುಕಿದ, ಒರೆಸಿದ, ಉಜ್ಜಿದ, ಆಮೇಲೆ ಸೊಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಜಗದೀಶನ ಮುಖ ನೆನಪಾಯಿತು. ಮಲ್ಲಿಗೆಯ ವಾಸನೆಗೆ ಹಳೆಯ ಪ್ರೀತಿ ನೆನಪಾಗುವವರು ಇದ್ದಾರಂತೆ. ನನಗೆ ರಬ್ಬರ್ ಅಂಟಿನ ವಾಸನೆಗೆ ನನ್ನ ಹಗೆ ನೆನಪಾಗುತ್ತದೆ, ಮತ್ತು ಸುಳ್ಳೇಕೆ ಹೇಳಲಿ, ಮೈಯೆಲ್ಲ ಹಗುರಾಗುತ್ತದೆ.

"ಟೆಂಪೊ ಡಾಕ್ಟರ್ ಗಾರೂ, ನಿಂತ್ಕೊಂಡೇ ಇದೀರಲ್ಲ, ಕೂರ್ಚೋಂಡಿ" ಎಂದು ಓಬಳೇಶ ಸ್ಟೂಲು ತಳ್ಳಿದ.

ಟೆಂಪೊ ಡಾಕ್ಟರು ಎಂದರೆ ನಾನೇ. ನಿಜವಾದ ಹೆಸರು ತಿಪ್ಪೇಸ್ವಾಮಿ. ಪಶು ಆಸ್ಪತ್ರೆಯ ಇನ್ಸ್‌ಪೆಕ್ಟರ್ ನಾನು, ಡಾಕ್ಟರಲ್ಲ. ಆದರೆ ಹಳ್ಳಿಗಳಲ್ಲಿ ಸೂಜಿ ಹಿಡಿದವನೆಲ್ಲ ಡಾಕ್ಟರೇ. ಆ "ಟೆಂಪೊ" ಮಾತ್ರ ಎರಡು ವರ್ಷದ ಹಿಂದಿನ ಆಷಾಢದಲ್ಲಿ ಚಳ್ಳಕೆರೆಯಲ್ಲಿ ಅಂಟಿದ್ದು. ಇಲ್ಲಿಗೆ ವರ್ಗವಾದಾಗ ಆದೇಶದ ಕಾಗದ ಬರುವ ಮೊದಲೇ ಆ ಹೆಸರು ಬಂದು ನನಗಾಗಿ ಕಾಯುತ್ತಿತ್ತು.

ಆ ವರ್ಷ ನನಗೆ ದೊಡ್ಡಉಳ್ಳಾರ್ತಿಯಲ್ಲಿ ಕೆಲಸ, ಚಳ್ಳಕೆರೆಯಲ್ಲಿ ಮನೆ. ನಲವತ್ತೇಳು ತುಂಬಿತ್ತು, ಸಕ್ಕರೆ ಕಾಯಿಲೆ ಬಂದಿತ್ತು. ಊರಿನ ಡಾಕ್ಟರಮ್ಮ, "ನಡೀರಿ, ಇಲ್ಲಾ ಸೈಕಲ್ ತುಳೀರಿ, ಎರಡೂ ಆಗಲ್ಲ ಅಂದ್ರೆ ನನ್ನ ಹತ್ರ ಬರಬ್ಯಾಡ್ರಿ" ಎಂದು ಖಡಾಖಂಡಿತವಾಗಿ ಹೇಳಿದ್ದರು. ಸೈಕಲ್ಲೇ ಆಗಲಿ ಎಂದು ನಾನು ಜಗದೀಶನ ಅಂಗಡಿಯ ಮೆಟ್ಟಿಲು ಹತ್ತಿದೆ.

ಜಗದೀಶನ ಮನೆತನ ಚಳ್ಳಕೆರೆಯ ಹಳೆಯ ಎಣ್ಣೆ ವ್ಯಾಪಾರದ್ದು. ಅಜ್ಜನ ಕಾಲದ ಗಾಣದ ಶೆಡ್ಡಿಗೆ ಗಾಜು ಹಾಕಿಸಿ, ದೀಪ ಹಾಕಿಸಿ, ಅದರಲ್ಲಿ ಸೈಕಲ್ ಷೋರೂಮ್ ಮಾಡಿದ್ದ. ಎಷ್ಟು ಬಣ್ಣ ಬಳಿದರೂ ಒಳಗೆ ಕಡಲೆಕಾಯಿ ಹಿಂಡಿಯ ವಾಸನೆ ಇನ್ನೂ ಇತ್ತು. ಊರಿನ ಸೈಕಲ್ ಕ್ಲಬ್ಬಿಗೆ ಅವನೇ ಕ್ಯಾಪ್ಟನ್. ವಕೀಲರು, ಲೆಕ್ಚರರುಗಳು, ಕಾವಲಿನ ಹುಲ್ಲುಗಾವಲಿನಲ್ಲಿ ಎದ್ದಿರುವ ಹೊಸ ಸಂಶೋಧನಾ ಕ್ಯಾಂಪಸ್ಸುಗಳ ಇಬ್ಬರು ಎಂಜಿನಿಯರುಗಳು ಎಲ್ಲ ಸೇರಿ ಹದಿನಾಲ್ಕು ಜನ, ಭಾನುವಾರ ಬೆಳಿಗ್ಗೆ ಬಿಗಿ ಚಡ್ಡಿ ಹಾಕಿಕೊಂಡು ಅವನ ಹಿಂದೆ ಹೋಗುತ್ತಿದ್ದರು. ಅವನು ಕೈ ಎತ್ತಿದರೆ ನಿಲ್ಲುತ್ತಿದ್ದರು, ಕೈ ಇಳಿಸಿದರೆ ಹೊರಡುತ್ತಿದ್ದರು.

"ಡಾಕ್ಟ್ರೇ, ನಿಮ್ಮದು ಎತ್ತರದ ಆಳು, ನಿಮಗೆ ದೊಡ್ಡ ಫ್ರೇಮೇ ಬೇಕು" ಎಂದು ಒಂದು ಕಪ್ಪು ಸೈಕಲ್ಲನ್ನು ಎಳೆದು ನಿಲ್ಲಿಸಿದ. ನಾನು ಎತ್ತರದ ಆಳಲ್ಲ. ಆದರೆ ನಲವತ್ತೇಳನೇ ವಯಸ್ಸಿನಲ್ಲಿ ಒಬ್ಬ ನಿಮ್ಮನ್ನು ಎತ್ತರದ ಆಳು ಎಂದರೆ ಯಾರು ಬೇಡವೆನ್ನುತ್ತಾರೆ? ಸೀಟಿನ ಕೆಳಗೆ ಧೂಳು ಗಟ್ಟಿಯಾಗಿ ಕೂತಿತ್ತು, ಅದನ್ನೂ ನೋಡಿದೆ. ಇಡೀ ತಾಲ್ಲೂಕಿನ ಜನ ಎತ್ತು ಕೊಳ್ಳುವಾಗ ನನ್ನನ್ನು ಕರೆಯುತ್ತಾರೆ. ನಾನು ಹಲ್ಲು ಎಣಿಸುತ್ತೇನೆ, ಗೊರಸು ಎತ್ತಿ ನೋಡುತ್ತೇನೆ, ಹತ್ತು ಹೆಜ್ಜೆ ನಡೆಸುತ್ತೇನೆ, ಆಮೇಲೇ ಹೂಂ ಎನ್ನುತ್ತೇನೆ. ಅಂಥ ನಾನು ಆ ಸೈಕಲ್ಲನ್ನು ಅಂಗಡಿಯೊಳಗೆ ಒಂದು ಸುತ್ತು ಕೂಡ ತುಳಿಯದೆ ಮನೆಗೆ ತಂದೆ.

ಕ್ಲಬ್ಬಿಗೂ ಸೇರಿದೆ. ತಂದ ಮೂರನೇ ವಾರಕ್ಕೇ ಅವರ ಆಷಾಢದ ನೂರು ಕಿಲೋಮೀಟರಿನ ಸವಾರಿ ಬಂತು. ಚಳ್ಳಕೆರೆಯಿಂದ ಮೊಳಕಾಲ್ಮೂರು, ಅಲ್ಲಿಂದ ವಾಪಸ್ಸು. "ಮೊದಲ್ನೇ ಸಲ ಅಲ್ವಾ, ಸಣ್ಣ ಸವಾರಿಗೆ ಬರ್ಲಾ?" ಎಂದು ನಾನು ಕೇಳಿದ್ದೆ. "ಸಣ್ಣದು ಹೆಂಗಸರಿಗೆ, ಮಕ್ಕಳಿಗೆ" ಎಂದಿದ್ದ ಕ್ಯಾಪ್ಟನ್. ಹೋಗುವಾಗ ಗಾಳಿ ಬೆನ್ನಿಗಿತ್ತು. ನಾನೇನೋ ದೊಡ್ಡ ಸವಾರ ಎಂದುಕೊಂಡು ಹಾಡಿಕೊಂಡು ಹೋದೆ. ಮೊಳಕಾಲ್ಮೂರಿನಲ್ಲಿ ಮಗ್ಗದ ಸದ್ದು ಕೇಳಿಸುವ ಬೀದಿಯೊಂದರಲ್ಲಿ ಕಾಫಿ ಕುಡಿದು ತಿರುಗಿದೆವು ನೋಡಿ, ಆಷಾಢದ ಗಾಳಿ ಎದೆಗೆ ಕೈಯಿಟ್ಟು ತಳ್ಳತೊಡಗಿತು. ನಮ್ಮ ಕಡೆಯ ಆ ಗಾಳಿಗೆ ಅಡ್ಡ ಒಂದು ಮರವಿಲ್ಲ, ಗುಡ್ಡವಿಲ್ಲ. ದೊಡ್ಡ ಫ್ರೇಮಿನ ಮೇಲೆ ಚಾಚಿಕೊಂಡು ಕೂತು ಬೆನ್ನು ಹಿಡಿಯಿತು. ಕಾಲು ಪೂರ್ತಿ ನಿಲುಕದೆ ಪ್ರತಿ ತುಳಿತಕ್ಕೂ ಸೊಂಟ ಓಲಾಡಿ, ತಳಕು ಹತ್ತಿರ ಬರುವಷ್ಟರಲ್ಲಿ ಬಲ ಮಂಡಿ ಮಡಚಲಾಗದಂತೆ ಊದಿಕೊಂಡಿತು.

ಸವಾರಿಯ ಹಿಂದೆ ನೀರು, ಬಾಳೆಹಣ್ಣು ಹೊತ್ತ ಒಂದು ಟೆಂಪೊ ಬರುತ್ತಿತ್ತು. ನನ್ನನ್ನು ಅದರಲ್ಲಿ ಹತ್ತಿಸಿದರು. ಬಾಳೆಗೊನೆಗಳ ನಡುವೆ ಸೈಕಲ್ಲನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದೆ. ಜಗದೀಶ ಪಕ್ಕದಲ್ಲೇ ಸೈಕಲ್ ತುಳಿಯುತ್ತ, ಒಂದು ಕೈಯಲ್ಲಿ ಫೋನು ಹಿಡಿದು ವಿಡಿಯೊ ಮಾಡಿದ.

"ನೋಡ್ರಪ್ಪಾ, ನಮ್ಮ ದನದ ಡಾಕ್ಟ್ರು! ಸೈಕಲ್‌ಗೆ ಹುಷಾರಿಲ್ಲ, ಅದಕ್ಕೇ ತೊಡೆ ಮ್ಯಾಲೆ ಮಲಗಿಸ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಅವ್ರೆ. ಟೆಂಪೊ ಡಾಕ್ಟ್ರೇ, ಇತ್ಲಾಗೆ ನೋಡ್ರೀ!"

ನಾನು ಆ ಕಡೆ ನೋಡಿದೆ. ಅದೇ ನಾನು ಮಾಡಿದ ತಪ್ಪು. ಆ ಮುಖ, ಆ ಬಾಳೆಹಣ್ಣು, ಆ ಮಾತು ಸಂಜೆಯೊಳಗೆ ಕ್ಲಬ್ಬಿನ ಗ್ರೂಪಿನಿಂದ ಹೊರಬಿದ್ದು ಹಳ್ಳಿ ಹಳ್ಳಿಯ ಫೋನುಗಳಿಗೆ ಹೋಯಿತು.

ಮಂಡಿ ಹದಿನೈದು ದಿನಕ್ಕೆ ಸರಿಹೋಯಿತು. ಹೆಸರು ಹೋಗಲಿಲ್ಲ. ಕುರಿಗೆ ಔಷಧಿ ಕುಡಿಸಲು ಹೋದರೆ, "ಟೆಂಪೊ ಡಾಕ್ಟ್ರು ಬಂದ್ರು, ಕುರಿ ಹಿಡೀರಲೇ" ಎನ್ನುವರು. ಎಮ್ಮೆ ಈಯುವಾಗ ಫೋನು ಮಾಡುವ ಮುದುಕಿಯೂ, "ಟೆಂಪೊ ಡಾಕ್ಟ್ರಾ? ಜಲ್ದಿ ಬಾರಪ್ಪ" ಎನ್ನುವಳು. ಅವರಾರಿಗೂ ಕೆಟ್ಟ ಮನಸ್ಸಿರಲಿಲ್ಲ. ನನ್ನ ಹೆಂಡತಿಯೂ ಒಂದು ದಿನ ಯಾರಿಗೋ ವಿಳಾಸ ಹೇಳುತ್ತ, "ಟೆಂಪೊ ಡಾಕ್ಟ್ರ ಮನೆ ಅಂದ್ರೆ ತೋರಿಸ್ತಾರೆ" ಎಂದದ್ದು ನನ್ನ ಕಿವಿಗೆ ಬಿತ್ತು. ಇಪ್ಪತ್ತೆರಡು ವರ್ಷ ಬಿಸಿಲಲ್ಲಿ ಓಡಾಡಿ ಗಳಿಸಿದ್ದ "ಡಾಕ್ಟ್ರು" ಎಂಬ ಒಂದು ಮಾತನ್ನು ಅವನು ಅರ್ಧ ನಿಮಿಷದ ವಿಡಿಯೊದಲ್ಲಿ ನಗೆಪಾಟಲು ಮಾಡಿಬಿಟ್ಟಿದ್ದ. ನಾನು ಮರೆಯುವ ಮನುಷ್ಯನಲ್ಲ. ಆ ಹೆಸರು ನನ್ನ ಮೈಯಿಂದ ಕಳಚಿ ಅವನ ಮೈಗೆ ಅಂಟಬೇಕು, ಅವನು ಅದೇ ಟೆಂಪೊದಲ್ಲಿ ಅದೇ ಬಾಳೆಹಣ್ಣಿನ ನಡುವೆ ಕೂರಬೇಕು ಎಂದು ಹಟ ಹಿಡಿದೆ. ಆ ವರ್ಷದ ಉಳಿದ ತಿಂಗಳುಗಳಲ್ಲಿ ನಾನು ಬೇರೇನನ್ನೂ ಯೋಚಿಸಿದ ನೆನಪಿಲ್ಲ.

ಮೊದಲು ಸೈಕಲ್ಲಿನ ವಿದ್ಯೆ ಕಲಿಯಬೇಕಿತ್ತು. ಚಳ್ಳಕೆರೆಯ ಸಂತೆ ಬೀದಿಯಲ್ಲಿ ಖಾದರ್ ಚಾಚಾ ಎಂಬ ಮುದುಕರ ಪಂಕ್ಚರ್ ಅಂಗಡಿ ಇತ್ತು. ಐವತ್ತು ವರ್ಷದಿಂದ ಸೈಕಲ್ ಬಿಚ್ಚಿ ಕಟ್ಟಿದ ಕೈ ಅದು. ಅವರು ನನ್ನ ಕಪ್ಪು ಸೈಕಲ್ಲನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

"ಇದು ನಿಮ್ದು ಅಲ್ಲ ಸಾಬ್. ನಿಮ್ಮ ಅಣ್ಣಂದಾ?"

"ನಂಗೆ ಅಣ್ಣ ಇಲ್ಲ ಚಾಚಾ."

"ಹಂಗಾದ್ರೆ ಸೀಟಿನ ಮುಂದಿನ ಈ ಕಡ್ಡಿ ಮೇಲೆ ಕಾಲು ದಾಟಿಸಿ ಎರಡೂ ಪಾದ ನೆಲಕ್ಕೆ ಊರಿ ನಿಂತ್ಕೊಳ್ಳಿ." ನಿಂತೆ. ಕಬ್ಬಿಣದ ಕಡ್ಡಿ ಎಲ್ಲಿ ತಾಗಬಾರದೋ ಅಲ್ಲಿ ತಾಗಿತು. ಚಾಚಾ ತಲೆ ಅಲ್ಲಾಡಿಸಿ, "ನೋಡಿದ್ರಾ? ಕಡ್ಡಿಗೂ ನಿಮಗೂ ನಡುವೆ ನಾಲ್ಕು ಬೆರಳು ಖಾಲಿ ಇರಬೇಕು. ಯಾರು ಕೊಟ್ರು ಅಂತ ನಾನು ಕೇಳಲ್ಲ, ನಂಗೆ ಗೊತ್ತೈತೆ. ಎರಡು ವರ್ಷದಿಂದ ಆ ಮಾಲು ಅಲ್ಲೇ ಕೂತಿತ್ತು" ಎಂದರು.

ಅಂದರೆ ನನ್ನ ಮಂಡಿ ಊದಿಸಿದ್ದು ಅವನೇ, ಊದಿದ ಮಂಡಿಯನ್ನು ತೋರಿಸಿ ನಕ್ಕವನೂ ಅವನೇ. ಆ ಮಧ್ಯಾಹ್ನ ಸಂತೆ ಬೀದಿಯಲ್ಲಿ ನಿಂತು ನಾನು ಅವನ ಮನೆತನವನ್ನೆಲ್ಲ ಮನಸ್ಸಿನಲ್ಲೇ ಬೈದೆ. ಅಜ್ಜ ಪಾಪ ಒಳ್ಳೆಯವರಿದ್ದರಂತೆ, ಅವರನ್ನೊಬ್ಬರನ್ನು ಬಿಟ್ಟೆ.

ಕಪ್ಪು ಸೈಕಲ್ಲನ್ನು ನಿಜವಾಗಿಯೂ ಎತ್ತರವಿದ್ದ ಒಬ್ಬ ಮೇಷ್ಟರಿಗೆ ಕೊಟ್ಟು, ಚಾಚಾರನ್ನು ಕರೆದುಕೊಂಡು ದಾವಣಗೆರೆಗೆ ಹೋಗಿ ಬೇರೆಯದನ್ನು ಹುಡುಕಿದೆ. ಈ ಸಲ ಎತ್ತು ನೋಡಿದ ಹಾಗೆಯೇ ನೋಡಿದೆ. ಕಡ್ಡಿಗೆ ಕಾಲು ದಾಟಿಸಿ ನಿಂತು ನಾಲ್ಕು ಬೆರಳು ಅಳೆದೆ. ಕೂತು ಪೆಡಲ್ ಕೆಳಗೆ ಹೋದಾಗ ಮಂಡಿ ಸ್ವಲ್ಪವೇ ಬಾಗಿರುವಂತೆ ಸೀಟು ಏರಿಸಿದೆ, ಕೈ ಚಾಚಿದರೆ ಮೊಣಕೈ ಸಡಿಲವಾಗಿ ಇರುವುದನ್ನು ನೋಡಿದೆ. ಅಂಗಡಿಯವನು ಗೊಣಗುತ್ತಿದ್ದರೂ ಹೊರಗೆ ಕಲ್ಲುದಾರಿಯಲ್ಲಿ ಅರ್ಧ ಗಂಟೆ ತುಳಿದೆ. ಉಕ್ಕಿನ ಫ್ರೇಮು, ತುಸು ಭಾರ. ಆದರೆ ಎರಡು ಬೆರಳು ಅಗಲದ ಟೈರು ಹಾಕಲು ಜಾಗವಿತ್ತು. ಚಾಚಾ ಆಮೇಲೆ ತಮ್ಮ ಅಂಗಡಿಯಲ್ಲಿ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ, ಟೈರಿಗೂ ಹೊಸ ಟ್ಯೂಬಿಗೂ ನಡುವೆ ಹಾಸಿದರು. "ಕಾವಲಲ್ಲಿ ಓಡಾಡೋ ಹಾಲಿನವರಿಗೆಲ್ಲ ಇದೇ ಮಾಡ್ಕೊಡೋದು. ಮುಳ್ಳು ಬಂದ್ರೆ ಮೊದಲು ಇದಕ್ಕೆ ಸಲಾಂ ಹೇಳಬೇಕು" ಎಂದರು.

ಇನ್ನು ಯಾವ ಸವಾರಿಯಲ್ಲಿ ಅವನನ್ನು ಹಿಡಿಯುವುದು? ಅದನ್ನೂ ಕೂತು ಯೋಚಿಸಿದೆ. ಡಾಂಬರಿನ ಮೇಲಿನ ಇನ್ನೂರು ಕಿಲೋಮೀಟರಿನ ಸವಾರಿಗಳಿದ್ದವು, ಅಲ್ಲಿ ಅವನ ಹಗುರ ಸೈಕಲ್ಲಿಗೆ ನಾನು ಸಾಟಿಯಲ್ಲ. ಚಿತ್ರದುರ್ಗದ ಗುಡ್ಡ ಹತ್ತುವ ಪಂದ್ಯವಿತ್ತು, ಅಲ್ಲಿ ನನ್ನ ಹೊಟ್ಟೆಗೇ ನಾನು ಸಾಟಿಯಲ್ಲ. ಊರೊಳಗೆ ಬನಿಯನ್ ಹಂಚಿ ಫೋಟೋ ತೆಗೆಯುವ ಹತ್ತು ಕಿಲೋಮೀಟರಿನ ಸವಾರಿಯಲ್ಲಿ ಗೆದ್ದರೆಷ್ಟು ಬಿಟ್ಟರೆಷ್ಟು. ಭಾದ್ರಪದ ಕಳೆಯಿತು, ಕಡಲೆಕಾಯಿ ಕಿತ್ತರು, ನಾನು ಇನ್ನೂ ಯೋಚಿಸುತ್ತಲೇ ಇದ್ದೆ. ಬೆಳಿಗ್ಗೆ ಐದೂವರೆಗೆ ಎದ್ದು ತುಳಿಯುವುದನ್ನು ಮಾತ್ರ ಬಿಡಲಿಲ್ಲ. ಸಕ್ಕರೆ ಇಳಿಯಿತು, ಡಾಕ್ಟರಮ್ಮ ಬೆನ್ನು ತಟ್ಟಿದರು. ದ್ವೇಷ ಆರೋಗ್ಯಕ್ಕೆ ಒಳ್ಳೆಯದು ಎಂದು ಅವರಿಗೆ ಹೇಳಲಿಲ್ಲ.

ಒಂದು ದಿನ ದೊಡ್ಡಉಳ್ಳಾರ್ತಿಯ ಕಾವಲಿನ ಅಂಚಿನಲ್ಲಿ ಒಂದು ಕರುವಿಗೆ ಚುಚ್ಚುಮದ್ದು ಹಾಕಿ ಏಳುವಾಗ ಚಪ್ಪಲಿಯ ಅಟ್ಟೆ ಭಾರವೆನ್ನಿಸಿತು. ತಿರುಗಿಸಿ ನೋಡಿದರೆ ನೆಗ್ಗಿಲು ಮುಳ್ಳು. ಮಳೆಗಾಲದಲ್ಲಿ ನೆಲಕ್ಕಂಟಿ ಹಳದಿ ಹೂ ಬಿಡುವ ಆ ಬಳ್ಳಿ ಚಳಿಗಾಲಕ್ಕೆ ಒಣಗಿ, ಕೊಂಬುಳ್ಳ ಸಣ್ಣ ಕಾಯಿಗಳನ್ನು ದಾರಿಯ ತುಂಬ ಚೆಲ್ಲುತ್ತದೆ. ಹೇಗೆ ಬಿದ್ದರೂ ಒಂದು ಕೊಂಬು ಮೇಲಕ್ಕೇ ಇರುತ್ತದೆ. ನನ್ನ ಅಟ್ಟೆಯಲ್ಲಿ ಮೂವತ್ತೋ ನಲವತ್ತೋ ಇದ್ದವು. ನಾನು ಆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಕ್ಕದ್ದನ್ನು ನೋಡಿ ಕರುವಿನ ಯಜಮಾನ ಹೆದರಿದ.

ಕ್ಲಬ್ಬಿನ ಡಿಸೆಂಬರ್ ಸವಾರಿಗೆ ದಾರಿ ಹುಡುಕುತ್ತಿದ್ದರು. ನಾನು ಸಭೆಯಲ್ಲಿ ಎದ್ದು ನಿಂತು, "ಈ ಸಲ ಹಳ್ಳಿ ಕಡೆ ಹೋಗಾಣ ಸಾರ್. ದೊಡ್ಡಉಳ್ಳಾರ್ತಿ, ಕಾವಲಿನ ಅಂಚು, ನನ್ನಿವಾಳ, ವಾಪಸ್ ಚಳ್ಳಕೆರೆ. ಹುಲ್ಲುಗಾವಲು, ಕುರಿ, ಫೋಟೋ ಚೆನ್ನಾಗಿ ಬರ್ತಾವೆ" ಎಂದೆ. ಫೋಟೋ ಎಂದದ್ದಕ್ಕೆ ಜಗದೀಶನ ಕಿವಿ ನೆಟ್ಟಗಾಯಿತು.

"ದಾರಿ ಹೆಂಗೈತೆ?"

"ದನ ಓಡಾಡೋ ದಾರಿ ಸಾರ್. ಅಗಲ ಟೈರು ಹಾಕ್ಕಂಡು ಬಂದ್ರೆ ಒಳ್ಳೇದು."

ಇದನ್ನೇ ಗ್ರೂಪಿನಲ್ಲೂ ಬರೆದು ಹಾಕಿದೆ. ಆಮೇಲೆ ಯಾರೂ ಹೇಳಲಿಲ್ಲ ಎನ್ನಬಾರದಲ್ಲ. ಜಗದೀಶ ಅದರ ಕೆಳಗೆ, "ನೀವು ಟೆಂಪೊ ಟೈರೇ ಹಾಕಿಸ್ಕೊಂಡು ಬನ್ನಿ ಟೆಂಪೊ ಡಾಕ್ಟ್ರೇ" ಎಂದು ಬರೆದ. ಹತ್ತು ಜನ ನಗುವಿನ ಗುರುತು ಒತ್ತಿದರು. ನನ್ನ ಮಾತು ಕೇಳಿ ಟೈರು ಬದಲಿಸಿದವರು ಇಬ್ಬರು ಎಂಜಿನಿಯರುಗಳು ಮಾತ್ರ.

ಸವಾರಿಯ ಹಿಂದಿನ ದಿನ ದಾರಿಗೆ ಸುಣ್ಣದ ಗುರುತು ಹಾಕುವ ಕೆಲಸ ನನ್ನದು. ಈಗ ನಾನು ಮಾಡಿದ್ದನ್ನು ಮಾಡಿದ ಹಾಗೇ ಹೇಳುತ್ತೇನೆ. ಕಾವಲಿನಲ್ಲಿ ಒಂದು ಕಡೆ ದಾರಿ ಎರಡಾಗಿ ಒಡೆಯುತ್ತದೆ. ಎಡಗಡೆಯದು ಟ್ರ್ಯಾಕ್ಟರ್ ಓಡಾಡಿ ಸವೆದ, ಮುಳ್ಳಿಲ್ಲದ ಮಣ್ಣುದಾರಿ. ಬಲಗಡೆಯದು ಹಳೆಯ ಕುರಿಹಟ್ಟಿಯ ಪಕ್ಕ ಹೋಗುವ ಕಾಲುದಾರಿ, ನೆಗ್ಗಿಲಿನ ತವರು. ಎರಡೂ ಒಂದು ಮೈಲಿ ಆದಮೇಲೆ ಮತ್ತೆ ಕೂಡುತ್ತವೆ. ನಾನು ಬಾಣದ ಗುರುತನ್ನು ಬಲಕ್ಕೆ ಎಳೆದೆ.

ಬೆನ್ನು ನೆಟ್ಟಗೆ ಮಾಡಿ ತಿರುಗಿದರೆ ಕಿಲಾರಿ ಬೋರಣ್ಣ ನಿಂತಿದ್ದ. ನಮ್ಮವರ ದೇವರ ಎತ್ತುಗಳನ್ನು ಕಾಯುವವನು ಅವನು. ಅವು ನೊಗ ಹೊರುವುದಿಲ್ಲ, ಅವನ್ನು ಯಾರೂ ಮಾರುವುದಿಲ್ಲ. ಅವುಗಳ ಹಿಂದೆ ಹೋಗುವ ಕಿಲಾರಿ ಕಾಲಿಗೆ ಚಪ್ಪಲಿ ಹಾಕುವುದಿಲ್ಲ.

"ಆ ಕಡೆ ದಾರಿ ಸುದ್ದ ಐತಲ್ಲಪ್ಪ, ಈ ಕಡೆ ಯಾಕೆ ಗುರುತು ಹಾಕ್ತೀಯ?"

"ಇದು ಹತ್ರ ಕಣಣ್ಣ."

"ನಲವತ್ತು ವರ್ಷದಿಂದ ನಡೀತಾ ಇದೀನಿ, ಹತ್ರ ಯಾವ್ದು ದೂರ ಯಾವ್ದು ನಂಗೆ ಹೇಳ್ತೀಯಾ?" ಎಂದ. ಆಮೇಲೆ ಸುಣ್ಣದ ಬಾಣವನ್ನೂ ನನ್ನನ್ನೂ ನೋಡಿ, "ಯಾರ್ ಮ್ಯಾಲೆ ಸಿಟ್ಟು?" ಎಂದು ಕೇಳಿದ.

ನಾನು ಸುಣ್ಣದ ಬುಟ್ಟಿ ಎತ್ತಿಕೊಂಡು ಹೊರಟೆ.

ಮರುದಿನ ಹದಿಮೂರು ಜನ ಹೊರಟೆವು. ಚಳಿ ಚೆನ್ನಾಗಿತ್ತು, ಗಾಳಿ ಇರಲಿಲ್ಲ. ದೊಡ್ಡಉಳ್ಳಾರ್ತಿಯವರೆಗೆ ಡಾಂಬರು. ಜಗದೀಶ ಬಾಣದಂತೆ ಮುಂದೆ ಹೋಗಿ, ಅಲ್ಲಲ್ಲಿ ನಿಂತು, "ಬನ್ನಿ ಬನ್ನಿ, ಟೆಂಪೊ ಹಿಂದೆ ಐತೆ, ಹೆದರಬ್ಯಾಡ್ರಿ" ಎಂದು ನನ್ನನ್ನು ಕುರಿತು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದ. ನಾನು ತಲೆ ತಗ್ಗಿಸಿ ತುಳಿದೆ. ಕ್ಯಾಂಪಸ್ಸಿನ ಉದ್ದನೆಯ ಗೋಡೆ ಮುಗಿದು ಕಾವಲು ತೆರೆದುಕೊಂಡಿತು. ಟೆಂಪೊ ಮುಂದೆ ಬರಲಾಗದೆ ನನ್ನಿವಾಳದ ರಸ್ತೆಗೆ ಬಳಸಿಕೊಂಡು ಹೋಯಿತು. ಸುಣ್ಣದ ಬಾಣ ಕಂಡಿತು. ಜಗದೀಶ ಕೈ ಎತ್ತಿ ಬಲಕ್ಕೆ ತೋರಿಸಿದ, ಎಲ್ಲರೂ ಬಲಕ್ಕೆ ತಿರುಗಿದರು.

ಮುಕ್ಕಾಲು ದಾರಿ ಹೋಗಿರಬಹುದು, ಮುಂದೆ ಗಂಟೆಯ ಸದ್ದು ಕೇಳಿತು. ಇದನ್ನು ಮಾತ್ರ ನಾನು ಯೋಜಿಸಿರಲಿಲ್ಲ, ದೇವರಾಣೆಗೂ ಇಲ್ಲ. ಬೋರಣ್ಣನ ದೇವರ ಎತ್ತುಗಳು ಬೇಲಿ ಕಟ್ಟಿದ ತಮ್ಮ ರೊಪ್ಪದಿಂದ ಹೊರಟು ನೀರಿಗೆ ಹೋಗುತ್ತಿದ್ದವು, ದಾರಿಗೆ ಅಡ್ಡಲಾಗಿ, ನಿಧಾನವಾಗಿ. ನಮ್ಮ ಕಡೆ ಅವು ಎದುರಾದರೆ ಗಾಡಿಯಿಂದ ಇಳಿದು, ಕಾಲಲ್ಲಿದ್ದದ್ದನ್ನು ಬಿಟ್ಟು, ದಾಟುವವರೆಗೆ ನಿಲ್ಲುತ್ತೇವೆ. ಎಣ್ಣೆ ವ್ಯಾಪಾರದವನಿಗೂ ಅದು ಗೊತ್ತು. ಅವನ ಅಜ್ಜ ಪ್ರತಿವರ್ಷ ಆ ರೊಪ್ಪಕ್ಕೆ ಹಿಂಡಿ ಕಳಿಸುತ್ತಿದ್ದರು. ಜಗದೀಶ ಇಳಿದ. ಪೆಡಲಿಗೆ ಕಚ್ಚಿಕೊಳ್ಳುವ ತನ್ನ ಷೂಗಳನ್ನು ಬಿಚ್ಚಿದ, ಸಾಕ್ಸನ್ನೂ ಬಿಚ್ಚಿದ. ಹದಿಮೂರು ಜನ ಬರಿಗಾಲಲ್ಲಿ ನಿಂತೆವು. ನಾನು ಮಾತ್ರ ಎಲ್ಲಿ ಕಾಲಿಡಬೇಕೆಂದು ನೋಡಿಕೊಂಡು ಒಂದು ಬಂಡೆಯ ಮೇಲೆ ನಿಂತೆ.

ಎತ್ತುಗಳು ದಾಟುತ್ತಿದ್ದವು. ಆ ಮೌನದಲ್ಲಿ ಕೊರಳ ಗಂಟೆಯ ಜೊತೆಗೆ ಇನ್ನೊಂದು ಸದ್ದು ಕೇಳತೊಡಗಿತು. ಸುಸ್ಸ್. ಮೊದಲು ಒಂದು, ಆಮೇಲೆ ಅದರ ಪಕ್ಕದ್ದು, ಆಮೇಲೆ ಹಿಂದಿನದು. ಹತ್ತು ಸೈಕಲ್ಲುಗಳ ತೆಳ್ಳನೆಯ ಟೈರುಗಳು ಒಂದೊಂದಾಗಿ ಉಸಿರು ಬಿಡುತ್ತಿದ್ದವು. ಜಗದೀಶ ತನ್ನ ಮುಂದಿನ ಚಕ್ರ ನೆಲಕ್ಕೆ ಕೂರುವುದನ್ನು ಕಣ್ಣಾರೆ ನೋಡುತ್ತಿದ್ದ, ಆದರೆ ಎತ್ತುಗಳು ದಾಟುವವರೆಗೆ ಬಗ್ಗಿ ಮುಟ್ಟುವಂತಿರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಸೊಗಸಾದ ಸಂಗೀತವನ್ನು ನಾನು ಕೇಳಿಲ್ಲ.

ಎತ್ತುಗಳು ಹೋದವು, ಬೋರಣ್ಣ ಹಿಂದುಳಿದ. ನಾನು ಬಂಡೆಯಿಂದಿಳಿದು ಚೀಲದಿಂದ ಪಂಕ್ಚರ್ ಸಾಮಾನು ತೆಗೆದೆ. ಉಳಿದವರ ಮೇಲೆ ನನಗೇನು ಸಿಟ್ಟು? ನಕ್ಕಿದ್ದರು ನಿಜ, ಆದರೆ ಅವನು ನಗಿಸಿದ್ದಕ್ಕೆ ನಕ್ಕಿದ್ದರು. ಒಬ್ಬೊಬ್ಬರ ಟ್ಯೂಬನ್ನೂ ಬಿಚ್ಚಿ, ಉಜ್ಜಿ, ಸೊಲ್ಯೂಷನ್ ಹಚ್ಚಿ ತೇಪೆ ಹಾಕಿದೆ. ಟೈರಿನ ಒಳಗೆ ಬೆರಳಾಡಿಸಿ ಮುರಿದ ಮುಳ್ಳಿನ ತುದಿಗಳನ್ನು ಕಿತ್ತು ತೆಗೆದೆ. ಒಬ್ಬ ಲೆಕ್ಚರಮ್ಮನ ಕಣ್ಣಲ್ಲಿ ನೀರು ಬಂದಿತ್ತು. ಅವರ ಮುಂದೆ ಕೂತಾಗ ಮಾತ್ರ ನನಗೆ ಸ್ವಲ್ಪ ನಾಚಿಕೆಯಾಯಿತು, ಅವರದ್ದಕ್ಕೆ ಎರಡೆರಡು ತೇಪೆ ಹಾಕಿದೆ.

ಜಗದೀಶ ನನ್ನನ್ನು ಕೇಳಲಿಲ್ಲ. ಷೋರೂಮಿನ ಯಜಮಾನ, ಕೇಳುವುದುಂಟೇ? ತನ್ನಲ್ಲಿದ್ದ ಎರಡು ಹೊಸ ಟ್ಯೂಬುಗಳನ್ನು ಎರಡು ಚಕ್ರಕ್ಕೂ ಸರಸರನೆ ಹಾಕಿದ. ಅವಸರದಲ್ಲಿ ಟೈರಿನ ಒಳಗೆ ಬೆರಳಾಡಿಸಲಿಲ್ಲ. ನಾನು ಮೂರು ಮಾರು ದೂರದಲ್ಲಿ ಕೂತು ನೋಡುತ್ತಿದ್ದೆ. ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವನು ಗಾಳಿ ತುಂಬಿಸಿ ಮೇಲೆದ್ದು ಇಪ್ಪತ್ತು ಗಜ ಹೋದ. ಎರಡೂ ಟ್ಯೂಬುಗಳು ಒಳಗೇ ಉಳಿದಿದ್ದ ಮುಳ್ಳಿಗೆ ಸಿಕ್ಕಿ ಉಸ್ಸೆಂದವು.

ಸೈಕಲ್ಲನ್ನು ತಳ್ಳಿಕೊಂಡು ವಾಪಸ್ಸು ಬಂದ. ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ.

"ಡಾಕ್ಟ್ರೇ, ಇದಕ್ಕೂ ಒಂದ್ ತ್ಯಾಪೆ ಹಾಕ್ರಿ."

"ಸೊಲ್ಯೂಷನ್ ಮುಗೀತು ಸಾರ್" ಎಂದೆ.

ತುಂಬಿದ ಸೊಲ್ಯೂಷನ್ ಟ್ಯೂಬೊಂದು ನನ್ನ ಪ್ಯಾಂಟಿನ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು. ಕೈಯೆಲ್ಲ ಅದೇ ವಾಸನೆ. ಅವನು ನನ್ನ ಕೈ ನೋಡಿದ, ಜೇಬು ನೋಡಿದ.

ಅವನ ಷೂ ಸೈಕಲ್ ತುಳಿಯಲು ಮಾತ್ರ ಮಾಡಿದ್ದು, ಅಟ್ಟೆಯಲ್ಲಿ ಕಬ್ಬಿಣದ ಕೊಕ್ಕೆ. ಹಾಕಿಕೊಂಡು ಕಲ್ಲಿನ ಮೇಲೆ ನಡೆದರೆ ಜಾರುತ್ತಿತ್ತು. ಬಿಚ್ಚಿ ಕೈಯಲ್ಲಿ ಹಿಡಿದು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಬರಿಗಾಲಲ್ಲಿ ಹೊರಟ. ಹತ್ತು ಹೆಜ್ಜೆಗೆ ಕುಂಟಿದ, ಇಪ್ಪತ್ತು ಹೆಜ್ಜೆಗೆ ಕೂತುಬಿಟ್ಟ. ಬೋರಣ್ಣ ಹೋಗಿ ಅವನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಉಡಿದಾರದಲ್ಲಿ ಕಟ್ಟಿಕೊಂಡಿದ್ದ ಸಣ್ಣ ಚಿಮಟದಿಂದ ಮುಳ್ಳು ಕೀಳತೊಡಗಿದ.

"ನೀವ್ಯಾಕೆ ಸ್ವಾಮಿ ಈ ಕಡೆ ಬಂದ್ರಿ? ಆ ಕಡೆ ಸುದ್ದವಾದ ದಾರಿ ಇತ್ತಲ್ಲ" ಎಂದ ಬೋರಣ್ಣ, ತಲೆ ಎತ್ತದೆ.

ಜಗದೀಶ ತಿರುಗಿ ನನ್ನನ್ನು ನೋಡಿದ. ನಾನು ಸೈಕಲ್ ಹತ್ತಿದೆ.

ನನ್ನಿವಾಳದ ರಸ್ತೆಗೆ ಸೇರುವ ಕಡೆ ಟೆಂಪೊ ನಿಂತಿತ್ತು. ನಾನು ಅಲ್ಲಿ ಮುಕ್ಕಾಲು ಗಂಟೆ ಕಾದೆ. ಉಳಿದವರೆಲ್ಲ ಮುಂದೆ ಹೋದರು, ನಾನು ಕಾದೆ. ಅವನು ಬಂದ, ಹತ್ತಿದ, ಬಾಳೆಗೊನೆಗಳ ನಡುವೆ ಸೈಕಲ್ಲನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ. ನಾನು ಟೆಂಪೊದ ಪಕ್ಕದಲ್ಲಿ ತುಳಿಯುತ್ತ ಫೋನು ತೆಗೆದೆ. ಅವನು ನನ್ನಷ್ಟು ದಡ್ಡನಲ್ಲ, ಈ ಕಡೆ ನೋಡಲಿಲ್ಲ. ಆದರೂ ಮುಖ ಚೆನ್ನಾಗಿ ಬಂತು. "ಕ್ಯಾಪ್ಟನ್ ಸೈಕಲ್‌ಗೆ ಹುಷಾರಿಲ್ಲ" ಎಂದು ಬರೆದು, ಚಳ್ಳಕೆರೆ ಮುಟ್ಟುವ ಮೊದಲೇ ಗ್ರೂಪಿಗೆ ಕಳಿಸಿದೆ.

ಆ ವಿಡಿಯೊ ನನ್ನದಕ್ಕಿಂತ ಜೋರಾಗಿ ಓಡಿತು. ಮರುದಿನ ಬೆಳಿಗ್ಗೆ ಅವ್ವ ನನ್ನ ಫೋನು ಹಿಡಿದು ಅದನ್ನೇ ನೋಡುತ್ತಿದ್ದಳು. ಬೋರಣ್ಣ ಅವಳ ತವರಿನ ಕಡೆಯವನು, ಅಷ್ಟರಲ್ಲಿ ಅವಳಿಗೆ ಎಲ್ಲ ಗೊತ್ತಾಗಿತ್ತು.

"ದೇವ್ರ ಎತ್ತು ನಿಂತಿರೋ ಜಾಗದಾಗೆ ಇಂಥದ್ದು ಮಾಡ್ತಾರೇನೋ?"

"ಎತ್ತು ತಾವಾಗೇ ಬಂದ್ವು ಕಣವ್ವ."

"ಮುಳ್ಳು ತಾನಾಗೇ ಬಂತಾ?" ಎಂದಳು. ಬೈದಳು ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅದನ್ನೇ ಮತ್ತೆ ಹಾಕಿಕೊಂಡು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ನಾನು ಇನ್ನು ಹೆಸರು ಅವನಿಗೆ ದಾಟುವುದಕ್ಕೆ ಕಾದೆ. ಎರಡನೇ ದಿನ ದೊಡ್ಡಉಳ್ಳಾರ್ತಿಯ ಟೀ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದಾಗ ಒಳಗಿನಿಂದ ಮಾತು ಕೇಳಿಸಿತು.

"ಕೇಳಿದ್ಯೇನಲೇ? ನಮ್ಮ ಟೆಂಪೊ ಡಾಕ್ಟ್ರು ಆ ಕ್ಯಾಪ್ಟನ್‌ನ್ನೇ ಟೆಂಪೊ ಹತ್ತಿಸಿದ್ರಂತೆ!"

"ಟೆಂಪೊ ಡಾಕ್ಟ್ರು ಅಂದ್ರೆ ಸುಮ್ನೇನಾ ಮತ್ತೆ?"

ನಾನು ಟೀ ಕುಡಿಯದೆ ಹೊರಟೆ. ಐದು ತಿಂಗಳು ಬೆಳಿಗ್ಗೆ ಎದ್ದು ತುಳಿದು, ಸುಣ್ಣ ಹಾಕಿ, ಸುಳ್ಳು ಹೇಳಿ, ನಾನು ಆ ಹೆಸರನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡಿದ್ದೆ. ಅವನನ್ನು ಜನ ಆಗಲೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು,  ಕುಂಟುವಾಗಲೂ, ಕುಂಟುವುದು ನಿಂತಮೇಲೂ. ಮರುವರ್ಷ ನನಗೆ ಇಲ್ಲಿಗೆ ವರ್ಗವಾಯಿತು, ಹೆಸರೂ ಜೊತೆಗೆ ಬಂತು.

ಓಬಳೇಶ ತೇಪೆಯನ್ನು ಸುತ್ತಿಗೆಯಿಂದ ತಟ್ಟುತ್ತಿದ್ದ. ಅಂಗಡಿಯ ಮುಂದೆ ಒಂದು ಬಿಳಿ ಕಾರು ಬಂದು ನಿಂತಿತು, ಮುಂದಿನ ಚಕ್ರ ನೆಲಕ್ಕೆ ಕೂತಿತ್ತು. ಇಳಿದವನು ಜಗದೀಶ. ಮಗಳ ಮದುವೆಗೆ ರೇಷ್ಮೆ ಸೀರೆ ನೋಡಲು ಮನೆಯವರನ್ನು ನೇಕಾರರ ಬೀದಿಯಲ್ಲಿ ಬಿಟ್ಟು ಬಂದಿದ್ದ. ಕೂದಲು ಸ್ವಲ್ಪ ಬೆಳ್ಳಗಾಗಿತ್ತು. ನನ್ನನ್ನು ಕಂಡು ನಿಂತ. ಸೊಲ್ಯೂಷನ್ ವಾಸನೆ ಅವನ ಮೂಗಿಗೂ ಹೋಗಿರಬೇಕು.

"ಅವತ್ತು ನಿಮ್ಮ ಜೇಬಲ್ಲಿ ಸೊಲ್ಯೂಷನ್ ಇತ್ತು, ಅಲ್ವಾ?" ಎಂದ.

"ಇತ್ತು ಸಾರ್."

"ಇನ್ನೊಂದು ದಾರಿನೂ ಇತ್ತು."

"ಇತ್ತು. ನಂಗೆ ಕೊಟ್ಟ ಸೈಕಲ್ ನಂದಲ್ಲ ಅಂತ ನಿಮಗೂ ಗೊತ್ತಿತ್ತು."

ಅವನು ಇಲ್ಲವೆನ್ನಲಿಲ್ಲ. ಓಬಳೇಶ ನಮ್ಮಿಬ್ಬರನ್ನೂ ನೋಡಿ ಸುತ್ತಿಗೆ ಕೆಳಗಿಟ್ಟ. ಜಗದೀಶನೇ ಮಾತು ತೆಗೆದ. "ಡಿಸೆಂಬರ್‌ನಾಗೆ ಮೊಳಕಾಲ್ಮೂರು ಕಡೆ ಗುಡ್ಡದ ದಾರೀಲಿ ಒಂದು ಸವಾರಿ ಇಟ್ಕಂಡಿದೀವಿ. ಯಾವ ಟೈರು ಹಾಕಿಸ್ಲಿ?"

ಸೈಕಲ್ ಮಾರುವವನು ನನ್ನನ್ನು ಕೇಳುತ್ತಿದ್ದ. ನಾನು ತಕ್ಷಣ ಹೇಳಲಿಲ್ಲ. ಆ ಸುಖವನ್ನು ಅವಸರದಲ್ಲಿ ಮುಗಿಸುವ ಮನಸ್ಸಿರಲಿಲ್ಲ.

"ಈ ಕಡೆ ದಾರಿ ನಿಮಗೆ ಗೊತ್ತಿಲ್ಲ ಸಾರ್. ಗುರುತು ಹಾಕೋರು ಬೇಕಾಗ್ತಾರೆ."

"ಯಾರು ಹಾಕ್ತಾರೆ?"

"ನಾನೇ" ಎಂದೆ.

ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ನಾನು ನಗಲಿಲ್ಲ.

"ಅಗಲದ್ದೇ ಹಾಕಿಸ್ತೀನಿ ಬಿಡಿ, ಡಾಕ್ಟ್ರೇ" ಎಂದ.

ಓಬಳೇಶ ಸ್ಕೂಟರಿನ ಚಕ್ರ ಕೂರಿಸಿ, "ಆಯ್ತು ಟೆಂಪೊ ಡಾಕ್ಟರ್ ಗಾರೂ" ಎಂದು ಕೂಗಿದ. ನಾನು ಗಾಡಿ ಹತ್ತಿ ಹೊರಟೆ. ಎರಡು ತಾಲ್ಲೂಕಿನಲ್ಲಿ ಹೆಂಡತಿಯಿಂದ ಹಿಡಿದು ಎಮ್ಮೆಯ ಮುದುಕಿಯವರೆಗೆ ಎಲ್ಲರೂ ನನ್ನನ್ನು ಟೆಂಪೊ ಡಾಕ್ಟ್ರು ಎನ್ನುತ್ತಾರೆ. ಆ ಹೆಸರಿಟ್ಟವನೊಬ್ಬ ಮಾತ್ರ ಈಗ ಬರೀ ಡಾಕ್ಟ್ರೇ ಎನ್ನುತ್ತಾನೆ.